ವಾಚನಾಲಯದ ಹಳೆಯ ದುಂಡು ಲಾಂಛನವನ್ನು ವೆಕ್ಟರ್ ರೂಪಕ್ಕೆ ತರುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು: ಅಂಕೋಲಾ ಕಡೆಯ ಓದುಗರು

ನಮ್ಮ ಹಳ್ಳಿಯ ವಾಚನಾಲಯಕ್ಕೆ ಬರುವ ವರ್ಷ ಐವತ್ತು ತುಂಬುತ್ತದೆ. ಲಾಂಛನವನ್ನು ಊರಿನ ಚಿತ್ರಕಲಾ ಶಿಕ್ಷಕರೊಬ್ಬರು ಆ ಕಾಲದಲ್ಲೇ ಮಸಿಯಿಂದ ಬರೆದುಕೊಟ್ಟಿದ್ದರು. ಎರಡು ವರ್ತುಲಗಳ ನಡುವಿನ ಪಟ್ಟಿಯಲ್ಲಿ ಮೇಲೆ ವಾಚನಾಲಯದ ಹೆಸರು, ಕೆಳಗೆ ಊರು ಮತ್ತು ‘ಉತ್ತರ ಕನ್ನಡ’. ಒಳಗೆ ತೆರೆದ ಪುಸ್ತಕ, ಅದರ ಹಿಂದೆ ಪಾತಿ ದೋಣಿ, ಸಮುದ್ರದಿಂದ ಏಳುತ್ತಿರುವ ಸೂರ್ಯ. ಮೂಲ ಚಿತ್ರ ಸಿಕ್ಕಿಲ್ಲ. ಅಚ್ಚಿನ ಹಳೆಯ ಲೆಟರ್‌ಹೆಡ್ ಹಾಳೆಗಳು, ಸವೆದ ರಬ್ಬರ್ ಮೊಹರು, ಯಾರೋ ಮೊಬೈಲಿನಲ್ಲಿ ತೆಗೆದ ಫೋಟೊ ಇವೆ. ಬ್ಯಾನರ್, ಅಂಗಿ, ಹೊಸ ಮೊಹರು ಎಲ್ಲಕ್ಕೂ ಲಾಂಛನ ಬೇಕು, ಅದಕ್ಕೇ ವೆಕ್ಟರ್, ಅಂದರೆ ಎಷ್ಟು ಹಿಗ್ಗಿಸಿದರೂ ಅಂಚು ಕೆಡದ ಕಂಪ್ಯೂಟರ್ ಗೆರೆಚಿತ್ರದ ರೂಪ. ಒಂದು ಅಂಗಡಿಯಲ್ಲಿ ಫೋಟೊದಿಂದ ‘ಟ್ರೇಸ್’ (ಕಂಪ್ಯೂಟರೇ ಗೆರೆ ಎಳೆಯುವುದು) ಮಾಡಿಸಿದೆವು. ವರ್ತುಲದ ಅಂಚು ಹಲ್ಲು ಹಲ್ಲಾಗಿ, ಒತ್ತಕ್ಷರಗಳೆಲ್ಲ ಮುದ್ದೆಯಾಗಿ ಬಂದವು. ದಾರಿ ಹೇಳಿ.

ಶಿರಸಿಯಿಂದ, ಮುದ್ರಣದಲ್ಲಿರುವವರು

ಅಂಗಡಿಯವರನ್ನು ಬೈಯಬೇಡಿ. ಫೋಟೊ ಕೊಟ್ಟು ಟ್ರೇಸ್ ಕೇಳಿದರೆ ಬರುವುದೇ ಅಷ್ಟು. ಆಟೋ ಟ್ರೇಸ್ ನೋಡುವುದು ಕಪ್ಪು ಎಲ್ಲಿ ಮುಗಿದು ಬಿಳಿ ಎಲ್ಲಿ ಶುರುವಾಯಿತು ಎಂಬುದನ್ನು ಮಾತ್ರ. ಕಾಗದದ ನಾರು, ಹರಡಿದ ಮಸಿ, ಬೆಳ್ಳಿಹುಳ ತಿಂದ ತೂತು ಎಲ್ಲವೂ ಅದಕ್ಕೆ ಚಿತ್ರವೇ.

ಮೊದಲು ಮೊಬೈಲ್ ಫೋಟೊವನ್ನು ಬದಿಗಿಡಿ. ಕೈ ಸ್ವಲ್ಪ ವಾಲಿದರೂ ವರ್ತುಲ ಅಂಡಾಕಾರವಾಗುತ್ತದೆ. ಲೆಟರ್‌ಹೆಡ್‌ಗಳಲ್ಲಿ ಅತಿ ಹಳೆಯದನ್ನು ಹುಡುಕಿ ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ 1200 ಡಿಪಿಐಗೆ (ಇಂಚಿಗೆ 1200 ಚುಕ್ಕೆ) ಸ್ಕ್ಯಾನ್ ಮಾಡಿಸಿ, ಬೂದು ಛಾಯೆಯಲ್ಲಿ. ‘ಕಪ್ಪು-ಬಿಳುಪು’ ಎಂದು ಇಟ್ಟರೆ ಯಂತ್ರವೇ ಅಂಚನ್ನು ತೀರ್ಮಾನಿಸಿಬಿಡುತ್ತದೆ. ಆ ತೀರ್ಮಾನ ನಿಮ್ಮದಾಗಿರಬೇಕು. ಒಂದೇ ಹಾಳೆ ಸಾಲದು, ಮೂರ್ನಾಲ್ಕನ್ನು ಮಾಡಿಸಿ. ಒಂದರಲ್ಲಿ ಮಸಿ ಹಿಡಿಯದ ಅಕ್ಷರ ಇನ್ನೊಂದರಲ್ಲಿ ಸರಿಯಾಗಿ ಬಿದ್ದಿರುತ್ತದೆ.

ಮಳೆಗಾಲದಲ್ಲಿ ಈ ಕೆಲಸ ಬೇಡ. ನಮ್ಮ ಜಿಲ್ಲೆಯ ಜುಲೈ ತಿಂಗಳಲ್ಲಿ ಹಾಳೆ ತೇವ ಹೀರಿ ಹಿಗ್ಗುತ್ತದೆ, ಅದೂ ಎರಡು ದಿಕ್ಕಿನಲ್ಲಿ ಒಂದೇ ಸಮನಲ್ಲ. ನಾರು ಓಡುವ ದಿಕ್ಕಿಗಿಂತ ಅದಕ್ಕೆ ಅಡ್ಡಲಾಗಿ ಹೆಚ್ಚು. ದೀಪಾವಳಿ ಕಳೆದ ಮೇಲೆ ಒಣ ಹವೆಯಲ್ಲಿ, ಹಾಳೆಯನ್ನು ದಪ್ಪ ಪುಸ್ತಕದ ಅಡಿ ಇಟ್ಟು ಚಪ್ಪಟೆ ಮಾಡಿ ಸ್ಕ್ಯಾನ್ ಮಾಡಿ.

ಇನ್ನೊಂದು ಮಾತನ್ನು ಈಗಿನ ಹುಡುಗರಿಗೆ ಹೇಳುವವರು ಕಡಿಮೆ. ಆಗಿನ ಲೆಟರ್‌ಹೆಡ್ ಸಾಮಾನ್ಯವಾಗಿ ಸತುವಿನ ಬ್ಲಾಕ್‌ನಿಂದ, ಅಂದರೆ ಚಿತ್ರ ಉಬ್ಬಿ ನಿಂತ ಲೋಹದ ಅಚ್ಚಿನಿಂದ ಅಚ್ಚಾದದ್ದು. ಬ್ಲಾಕ್ ಒತ್ತಿದಾಗ ಮಸಿ ಅಂಚಿಗೆ ನುಗ್ಗುತ್ತದೆ. ಸ್ಕ್ಯಾನ್ ಹಿಗ್ಗಿಸಿ ನೋಡಿದರೆ ಪ್ರತಿ ಗೆರೆಯ ಸುತ್ತ ಸ್ವಲ್ಪ ಹೆಚ್ಚು ಕಪ್ಪಾದ ಒಂದು ಅಂಚು ಕಾಣುತ್ತದೆ. ಶಿಕ್ಷಕರು ಬರೆದ ಗೆರೆ ಆ ಅಂಚಿನ ಒಳಗಿತ್ತು. ಹೊರಗಿನಿಂದ ಎಳೆದರೆ ಅಕ್ಷರವೆಲ್ಲ ದಪ್ಪವಾಗುತ್ತದೆ, ‘ಅ’ದ ಹೊಟ್ಟೆ ಮುಚ್ಚಿಕೊಳ್ಳುತ್ತದೆ. ರಬ್ಬರ್ ಮೊಹರಿನ ಗುರುತಿನಲ್ಲಿ ಇದು ಇನ್ನೂ ಹೆಚ್ಚು. ಆದ್ದರಿಂದ ಮೊಹರನ್ನು ಎಲ್ಲಿ ಏನಿತ್ತು ಎಂದು ತಿಳಿಯಲು ಬಳಸಿ, ಗೆರೆಯ ಅಳತೆಗೆ ಬೇಡ.

ಕುಮಟಾದಿಂದ, ನಿವೃತ್ತ ಗಣಿತ ಶಿಕ್ಷಕರು

ಚಿತ್ರಕಲಾ ಶಿಕ್ಷಕರು ವರ್ತುಲವನ್ನು ಬರಿಗೈಯಲ್ಲಿ ಬರೆದಿರುವುದಿಲ್ಲ, ಕೈವಾರ ಹಿಡಿದಿರುತ್ತಾರೆ. ಅಂದರೆ ಬರೆದ ದಿನ ಅದು ಸರಿಯಾದ ವರ್ತುಲವೇ. ಈಗ ಕಾಣುವ ಸೊಟ್ಟ ಕಾಗದದ್ದು, ಅಚ್ಚಿನದ್ದು. ಅದನ್ನು ಭಕ್ತಿಯಿಂದ ನಕಲು ಮಾಡುವುದರಲ್ಲಿ ಅರ್ಥವಿಲ್ಲ.

ಕೇಂದ್ರ ಹುಡುಕಲು ಹೊರವರ್ತುಲದಲ್ಲಿ ಎರಡು ಜ್ಯಾಗಳನ್ನು (ವರ್ತುಲದ ಎರಡು ಬಿಂದು ಸೇರಿಸುವ ನೇರ ಗೆರೆ) ಎಳೆದು, ಎರಡಕ್ಕೂ ಲಂಬ ಸಮದ್ವಿಭಾಜಕ, ಅಂದರೆ ನಟ್ಟನಡುವೆ ಲಂಬವಾಗಿ ಹಾಯುವ ಗೆರೆ, ಹಾಕಿ. ಅವು ಸೇರುವಲ್ಲಿ ಕೇಂದ್ರ. ಮೂರನೆಯ ಜ್ಯಾವನ್ನೂ ಪರೀಕ್ಷೆಗೆ ಎಳೆಯಿರಿ. ಅದರ ದ್ವಿಭಾಜಕ ಬೇರೆಡೆ ಹಾದುಹೋದರೆ ಹಾಳೆ ಹಿಗ್ಗಿದೆ ಎಂದೇ ಅರ್ಥ. ಆಗ ಅಡ್ಡ ವ್ಯಾಸ, ಉದ್ದ ವ್ಯಾಸ ಅಳೆದು, ಇಡೀ ಚಿತ್ರವನ್ನು ಒಂದು ದಿಕ್ಕಿನಲ್ಲಿ ಅಷ್ಟೇ ಪ್ರಮಾಣಕ್ಕೆ ಕುಗ್ಗಿಸಿ. ವರ್ತುಲ ಸರಿಯಾದರೆ ಒಳಗಿನ ದೋಣಿ, ಪುಸ್ತಕಗಳೂ ತಾವಾಗಿ ಸರಿಯಾಗುತ್ತವೆ.

ಕಾರವಾರದಿಂದ, ವಿನ್ಯಾಸದ ಕೆಲಸ ಮಾಡುವವರು

ಮೇಷ್ಟರ ಮಾತನ್ನೇ ಮುಂದುವರಿಸುತ್ತೇನೆ. ಕೈವಾರ ಮತ್ತು ಅಳತೆಪಟ್ಟಿಯಿಂದ ಬಂದದ್ದನ್ನು ಕಂಪ್ಯೂಟರ್ ಹೊಸದಾಗಿ ಕಟ್ಟಲಿ, ಕೈಯಿಂದ ಬಂದದ್ದನ್ನು ಕೈಯೇ ಎಳೆಯಲಿ. ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್ ಉಚಿತ, ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಕೋರೆಲ್‌ಡ್ರಾ ಇದ್ದರೆ ಅದೂ ಸರಿ. ಸ್ಕ್ಯಾನನ್ನು ಕೆಳಪದರದಲ್ಲಿ ಮಸುಕಾಗಿಸಿ ಇಟ್ಟು ಬೀಗ ಹಾಕಿ. ಕಂಟ್ರೋಲ್ ಮತ್ತು ಶಿಫ್ಟ್ ಒತ್ತಿ ಹಿಡಿದು ಕೇಂದ್ರದಿಂದ ವರ್ತುಲ ಎಳೆಯಿರಿ. ನಾಲ್ಕು ಬಿಂದುಗಳಲ್ಲಿ ಮುಗಿಯುವ ಆ ವರ್ತುಲಕ್ಕೆ ಟ್ರೇಸ್ ಹತ್ತಾರು ಬಿಂದು ಹಾಕಿರುತ್ತದೆ. ನೀವು ಕಂಡ ಹಲ್ಲುಗಳು ಅವೇ.

ದೋಣಿ, ಪುಸ್ತಕಗಳನ್ನು ಪೆನ್ ಸಾಧನದಿಂದ ಎಳೆಯುವಾಗ ಬಿಂದು ಕಡಿಮೆಯಿದ್ದಷ್ಟೂ ಗೆರೆ ನಯ. ಬಾಗು ತಿರುಗುವಲ್ಲಿ ಮಾತ್ರ ಬಿಂದು ಇಡಿ. ಪಾತಿ ದೋಣಿಗೆ ಪಕ್ಕದಲ್ಲಿ ಕಟ್ಟುವ ತೇಲುಮರ, ಉಲಾಂಡಿ, ಇದೆಯೇ ಎಂದು ಹಾಳೆಯಲ್ಲಿ ಹುಡುಕಿ. ಕಡಲು ಕಾಣದವರು ಅದನ್ನು ಕಲೆ ಎಂದುಕೊಂಡು ಅಳಿಸಿಬಿಡುತ್ತಾರೆ. ಸೂರ್ಯನ ವಿಷಯಕ್ಕೆ ಬಂದರೆ, ನಮ್ಮ ಕಡಲಿನಲ್ಲಿ ಅವನು ಮುಳುಗುವುದೇ ಹೊರತು ಏಳುವುದಿಲ್ಲ. ಹಾಗೆಂದು ಸಮಿತಿಯವರು ಅದನ್ನು ತಿದ್ದಲು ಹೊರಟರೆ ದಯವಿಟ್ಟು ತಡೆಯಿರಿ.

ನಿಜವಾದ ತೊಡಕು ಅಕ್ಷರಗಳದ್ದು. ಅಂಗಡಿಯಲ್ಲಿ ಹಳೆಯ ಎನ್ಕೋಡಿಂಗಿನ, ಅಂದರೆ ಯೂನಿಕೋಡ್ ಅಲ್ಲದ, ಫಾಂಟಿನಲ್ಲಿ ಹೆಸರು ಬೆರಳಚ್ಚಿಸಿ ವರ್ತುಲದ ಮೇಲೆ ಕೂರಿಸಿದರೆ ಕೆಲಸ ಕೆಡುತ್ತದೆ. ಅಂಥ ಫಾಂಟ್‌ಗಳಲ್ಲಿ ಮೂಲಾಕ್ಷರ, ಗುಣಿತದ ಗುರುತು, ಒತ್ತು ಎಲ್ಲ ಬೇರೆ ಬೇರೆ ತುಂಡುಗಳು. ನೇರ ಸಾಲಿನಲ್ಲಿ ಅಂಟಿಕೊಂಡಂತೆ ಕಾಣುತ್ತವೆ. ಬಾಗಿದ ಗೆರೆಯ ಮೇಲೆ ಪ್ರತಿ ತುಂಡೂ ತನ್ನಷ್ಟಕ್ಕೆ ತಿರುಗುತ್ತದೆ. ‘ಉತ್ತರ’ದ ತ-ಒತ್ತು ತನ್ನ ‘ತ’ವನ್ನು ಬಿಟ್ಟು ‘ರ’ದ ಕಡೆ ನಡೆದಿರುತ್ತದೆ. ಯೂನಿಕೋಡ್ ಫಾಂಟನ್ನೇ ಬಳಸಿ, ಆಮೇಲೂ ಒಂದೊಂದು ಒತ್ತನ್ನು ಕಣ್ಣಿನಿಂದ ನೋಡಿ.

ಎರಡನೆಯದು ಜಾಗ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಮೇಲೂ ಕೆಳಗೂ ಬಾಲವಿಲ್ಲ, ಪಟ್ಟಿಯ ತುಂಬ ಕೂರಿಸಬಹುದು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಮೇಲಿನ ಕಮಾನಿನಲ್ಲಿ ಒತ್ತು ಕೇಂದ್ರದ ಕಡೆ ಇಳಿದು ಒಳವರ್ತುಲಕ್ಕೆ ತಗಲುತ್ತದೆ. ಕೆಳಗಿನ ಕಮಾನಿನಲ್ಲಿ ಅಕ್ಷರದ ಕಾಲು ಹೊರಗಿರುವುದರಿಂದ ಒತ್ತು ಹೊರವರ್ತುಲಕ್ಕೆ ಬಡಿಯುತ್ತದೆ. ಹೀಗಾಗಿ ಎರಡು ಸಾಲುಗಳನ್ನೂ ಒಂದೇ ತ್ರಿಜ್ಯದ ಮೇಲೆ ಕೂರಿಸಲಾಗದು. ಕೆಳಗಿನ ಸಾಲಿನ ಆಧಾರಗೆರೆಗೆ ದೊಡ್ಡ ತ್ರಿಜ್ಯ, ಮೇಲಿನದಕ್ಕೆ ಚಿಕ್ಕದು. ಅಕ್ಷರದ ಮೈ ಪಟ್ಟಿಯ ಅಗಲದ ಅರ್ಧದಷ್ಟಿದ್ದರೆ ಉಸಿರಾಡಲು ಜಾಗ ಉಳಿಯುತ್ತದೆ. ಅಂತರವೂ ಬೇರೆ ಬೇರೆ: ಮೇಲಿನ ಕಮಾನಿನಲ್ಲಿ ತಲೆಕಟ್ಟುಗಳು ಬಿಡಿಸಿಕೊಳ್ಳುತ್ತವೆ, ಕೆಳಗಿನದರಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಕೆಳಗಿನ ಸಾಲನ್ನು ಸ್ವಲ್ಪ ಸಡಿಲ ಬಿಡಿ.

ಫಾಂಟ್ ಯಾವುದು ಎಂದು ಕೇಳುತ್ತೀರಿ. ನೋಟೋ ಸೆರಿಫ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ ಎಲ್ಲವೂ ಮುಕ್ತ ಪರವಾನಗಿಯವು, ಮುದ್ರಣಕ್ಕೆ ಹಣ ಕೊಡಬೇಕಿಲ್ಲ. ದುಂಡು ಲಾಂಛನಕ್ಕೆ ನನ್ನ ಆಯ್ಕೆ ಬಲೂ ತಮ್ಮ.

ಹೊನ್ನಾವರದಿಂದ, ಹವ್ಯಾಸಿ ಯಕ್ಷಗಾನ ಮಂಡಳಿಯವರು

ಫಾಂಟ್ ವಿಷಯಕ್ಕೆ ನನ್ನ ತಕರಾರಿದೆ. ನಮ್ಮ ಮಂಡಳಿಯ ಲಾಂಛನವನ್ನು ಹೀಗೆಯೇ ಹೊಸದು ಮಾಡಿಸಿದಾಗ ಅಕ್ಷರಗಳನ್ನು ಫಾಂಟಿಗೆ ಬದಲಿಸಿದರು. ವರ್ತುಲ ಅಚ್ಚುಕಟ್ಟು, ಕಿರೀಟ ಅಚ್ಚುಕಟ್ಟು, ಆದರೆ ಹಳಬರು ನೋಡಿ ‘ಇದು ಯಾವ ಮಂಡಳಿ?’ ಎಂದರು. ಅವರು ಇಷ್ಟು ವರ್ಷ ಗುರುತು ಹಿಡಿದಿದ್ದು ಕಿರೀಟದಿಂದಲ್ಲ, ‘ಯ’ದ ಕೊನೆಯ ಸುಳಿಯಿಂದ. ಮತ್ತೆ ಆ ಅಕ್ಷರಗಳನ್ನು ಹಾಳೆಯಿಂದಲೇ ಎಳೆಸಿದೆವು.

ಲಾಂಛನದಲ್ಲಿ ಹೆಚ್ಚೆಂದರೆ ಹದಿನೈದು-ಇಪ್ಪತ್ತು ಅಕ್ಷರ ಇರುತ್ತವೆ. ‘ಕನ್ನಡ’ದ ‘ಕ’ ಮತ್ತು ಹೆಸರಿನಲ್ಲಿನ ‘ಕ’ ಒಂದೇ ರೀತಿ ಇರಬೇಕೆಂದಿಲ್ಲ; ಶಿಕ್ಷಕರು ಜಾಗ ನೋಡಿ ಒಂದನ್ನು ಕುಗ್ಗಿಸಿರಬಹುದು, ಹಾಗೆಯೇ ಬಿಡಿ. ಮಸಿ ಹಿಡಿಯದೆ ಕಳೆದುಹೋದ ಅಕ್ಷರವಿದ್ದರೆ ಅದೇ ಕೈಯ ಬೇರೆ ಅಕ್ಷರಗಳಿಂದ ತುಂಡು ತೆಗೆದು ಕಟ್ಟಿ.

ಕಾರವಾರದವರ ಮರುಮಾತು

ಹೆಸರಿನ ಅಕ್ಷರಗಳು ಅಷ್ಟು ಚೆನ್ನಾಗಿದ್ದರೆ ಒಪ್ಪುತ್ತೇನೆ. ಹಾಳೆಯ ಚಿತ್ರ ಇಲ್ಲಿ ಹಾಕಿ, ನೋಡಿದ ಮೇಲೆ ಹೇಳುವ ಮಾತು ಅದು.

ಕೇಳಿದವರು

ಹೆಸರಿನ ಅಕ್ಷರಗಳು ಚೆನ್ನಾಗಿವೆ. ಕೆಳಗಿನ ‘ಉತ್ತರ ಕನ್ನಡ’ ಮಾತ್ರ ಎಲ್ಲ ಹಾಳೆಗಳಲ್ಲೂ ಕೆಟ್ಟಿದೆ, ಮೊಹರಿನಲ್ಲೂ ಓದಲಾಗುವುದಿಲ್ಲ. ಬಣ್ಣ ಹಾಕಬೇಕೆಂದು ಸಮಿತಿಯವರು ಹಠ ಹಿಡಿದಿದ್ದಾರೆ: ನೀಲಿ ಸಮುದ್ರ, ಕೇಸರಿ ಸೂರ್ಯ.

ಶಿರಸಿಯಿಂದ

ಹಾಗಾದರೆ ಮೇಲಿನ ಸಾಲಿನ ಕೈಬರಹವನ್ನೇ ಮಾದರಿಯಾಗಿಟ್ಟು ಕೆಳಗಿನದನ್ನು ಬರೆಸಿ. ಮೇಲೆ ಕೈಬರಹ, ಕೆಳಗೆ ಫಾಂಟ್ ಎಂದು ಬೆರೆಸಬೇಡಿ, ಅದು ತೇಪೆ ಹಾಕಿದಂತೆ ಕಾಣುತ್ತದೆ.

ಬಣ್ಣ ಆಮೇಲೆ. ಮೊದಲು ಒಂದೇ ಬಣ್ಣದಲ್ಲಿ ಪೂರ್ತಿ ನಿಲ್ಲಲಿ. ಸಮಿತಿಯವರನ್ನು ನಮ್ಮೂರಿನ ಮಾರಿಕಾಂಬಾ ದೇವಸ್ಥಾನಕ್ಕೆ ಕರೆತನ್ನಿ, ಗೋಡೆಯ ಕಾವಿ ಕಲೆ ತೋರಿಸಿ: ಬಿಳಿ ಸುಣ್ಣದ ಮೇಲೆ ಕೆಮ್ಮಣ್ಣಿನ ಬಣ್ಣ, ಅಷ್ಟೇ, ಬಳ್ಳಿ, ಹೂವು, ದೇವತೆಗಳೆಲ್ಲ ಅಷ್ಟರಲ್ಲೇ ಸ್ಪಷ್ಟ. ಮೊಹರಿಗೂ ಅಂಗಿಯ ಸ್ಕ್ರೀನ್ ಮುದ್ರಣಕ್ಕೂ ಹೇಗಿದ್ದರೂ ಒಂದು ಬಣ್ಣದ ಪ್ರತಿಯೇ ಬೇಕು. ಸ್ಕ್ರೀನ್ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಪರದೆ, ಬೇರೆ ಖರ್ಚು. ಖಜಾಂಚಿಯ ಕಿವಿಗೆ ಈ ಮಾತು ಹಾಕಿ. ಆಮೇಲೂ ನೀಲಿ ಬೇಕೆಂದರೆ ಒಂದು ಎಚ್ಚರಿಕೆ: ಕಂಪ್ಯೂಟರ್ ಪರದೆಯಲ್ಲಿ ಹೊಳೆಯುವ ನೀಲಿ ಆಫ್‌ಸೆಟ್ ಮಸಿಯಲ್ಲಿ ಮಂಕಾಗಿ ಬರುತ್ತದೆ, ಮೊದಲೇ ಒಂದು ಪ್ರೂಫ್ ಪ್ರತಿ ತೆಗೆಸಿ ನೋಡಿ.

ಭಟ್ಕಳದಿಂದ, ಬೋರ್ಡ್ ಮತ್ತು ಸ್ಟಿಕರ್ ಕೆಲಸದವರು

ಚಿತ್ರ ಮುಗಿದ ಮೇಲೆ ನಮ್ಮಂಥವರಿಗೆ ಕೊಡುವ ಕಡತ ಹೇಗಿರಬೇಕೆಂದು ಹೇಳುತ್ತೇನೆ. ಅಕ್ಷರಗಳನ್ನು ಬಾಹ್ಯರೇಖೆಯಾಗಿ ಬದಲಿಸಿ, ಇಲ್ಲದಿದ್ದರೆ ನಮ್ಮ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದೆ ಬೇರೆಯೇ ಬರುತ್ತದೆ. ವರ್ತುಲದ ಗೆರೆಯನ್ನೂ ‘ಸ್ಟ್ರೋಕ್’ (ದಪ್ಪವನ್ನು ಬೇರೆಯಾಗಿ ಹೇಳಿದ ಗೆರೆ) ಆಗಿ ಬಿಡದೆ ಆಕಾರವಾಗಿ ಬದಲಿಸಿ. ಬಿಟ್ಟರೆ, ತಂತ್ರಾಂಶದ ಸೆಟ್ಟಿಂಗ್ ತಪ್ಪಿದ ದಿನ ಬ್ಯಾನರ್‌ಗೆ ಹಿಗ್ಗಿಸಿದಾಗ ಗೆರೆ ದಾರದಷ್ಟೇ ಉಳಿಯುತ್ತದೆ, ಮೊಹರಿಗೆ ಕುಗ್ಗಿಸಿದಾಗ ಗೆರೆಯೇ ಚಿತ್ರವನ್ನು ನುಂಗುತ್ತದೆ. ವಿನೈಲ್ ಕತ್ತರಿಸುವ ಪ್ಲಾಟರ್‌ಗೆ ಒಂದರ ಮೇಲೊಂದು ಬಿದ್ದ ಆಕಾರಗಳು ಕೂಡದು: ದೋಣಿಯ ಮೇಲೆ ಪುಸ್ತಕ ಇಟ್ಟಿದ್ದರೆ ಬ್ಲೇಡು ಕಾಣದ ಗೆರೆಯನ್ನೂ ಕತ್ತರಿಸುತ್ತದೆ. ಎಲ್ಲವನ್ನೂ ಒಂದಾಗಿ ಬೆಸೆದು ಕೊಡಿ. ತಿದ್ದಬಹುದಾದ ಪ್ರತಿಯನ್ನು ನಿಮ್ಮಲ್ಲೇ ಇಟ್ಟುಕೊಂಡು ನಮಗೆ ಪಿಡಿಎಫ್ ಅಥವಾ ಎಸ್‌ವಿಜಿ ಕೊಟ್ಟರೆ ಸಾಕು.

ಮೊಹರಿಗೆ ಬೇರೆ ಚಿತ್ರವನ್ನೇ ಮಾಡಿಸಿ. ನಾಲ್ಕು ಸೆಂಟಿಮೀಟರ್ ಅಗಲದ ಮೊಹರಿನಲ್ಲಿ ಕಾಲು ಮಿಲಿಮೀಟರ್‌ಗಿಂತ ತೆಳುವಾದ ಗೆರೆ ಮುರಿಯುತ್ತದೆ, ಅಷ್ಟು ಸಣ್ಣ ಬಿಳಿ ಸಂದು ಮಸಿಯಿಂದ ತುಂಬಿಕೊಳ್ಳುತ್ತದೆ. ಪುಸ್ತಕದ ಪುಟದೊಳಗಿನ ಗೆರೆಗಳನ್ನು ತೆಗೆದು, ಸೂರ್ಯನ ಕಿರಣ ಕಡಿಮೆ ಮಾಡಿ, ಅಕ್ಷರ ಸ್ವಲ್ಪ ದೊಡ್ಡದು ಮಾಡಿ.

ಯಲ್ಲಾಪುರದಿಂದ, ವಕೀಲರು

ಎರಡೇ ಮಾತು. ಭಾರತದ ಹಕ್ಕುಸ್ವಾಮ್ಯ ಕಾಯಿದೆ 1957ರ ಪ್ರಕಾರ ಕಲಾಕೃತಿಯ ಹಕ್ಕು ಕಲಾವಿದರ ಜೀವಿತಾವಧಿಗೂ ಅನಂತರದ 60 ವರ್ಷಕ್ಕೂ ಇರುತ್ತದೆ. ಶಿಕ್ಷಕರು ಅಥವಾ ಅವರ ಮನೆಯವರಿಂದ ಒಂದು ಒಪ್ಪಿಗೆ ಪತ್ರ ಪಡೆಯಿರಿ. ಹೊಸ ಚಿತ್ರ ಮಾಡಿದವರಿಂದಲೂ ಹಕ್ಕು ವಾಚನಾಲಯದ್ದೆಂದು ಬರೆಸಿಕೊಳ್ಳಿ. ಸಂಭ್ರಮದ ಭರದಲ್ಲಿ ಸಿಂಹಲಾಂಛನವನ್ನೋ ಗಂಡಭೇರುಂಡದ ರಾಜ್ಯಲಾಂಛನವನ್ನೋ ಯಾರಾದರೂ ಸೇರಿಸಲು ಹೊರಟರೆ ಬೇಡವೆನ್ನಿ, ಲಾಂಛನಗಳ ದುರ್ಬಳಕೆ ತಡೆಯುವ 1950ರ ಮತ್ತು 2005ರ ಕಾಯಿದೆಗಳು ಅದಕ್ಕೆ ಅಡ್ಡ ಬರುತ್ತವೆ.

ಮನೆಯವರನ್ನು ಹೇಗೂ ಭೇಟಿಯಾಗುತ್ತೀರಲ್ಲ, ಹಳೆಯ ಟ್ರಂಕಿನಲ್ಲಿ ಮೂಲ ಚಿತ್ರ ಇದೆಯೇ ಎಂದು ಕೇಳಿ. ಸಿಕ್ಕರೆ ಬೆಳಕಿಗೆ ಹಿಡಿಯಿರಿ, ಕೈವಾರದ ಮುಳ್ಳಿನ ತೂತು ಕಂಡರೆ ಮೇಷ್ಟರು ಹೇಳಿದ ಜ್ಯಾಗಳ ಲೆಕ್ಕವೂ ಬೇಕಾಗುವುದಿಲ್ಲ.