ಕ್ಯಾನ್ಸರ್ ಗಡ್ಡೆ, ಜೀನ್ ಸಂಶೋಧನೆ: ಈ ದಾರಿಯಲ್ಲಿ ನಡೆದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಜೆನೆಟಿಕ್ಸ್ ಕೊನೆಯ ವರ್ಷದಲ್ಲಿದ್ದೇನೆ, ಊರು ದಾವಣಗೆರೆ ಹತ್ತಿರ. ಗಡ್ಡೆಗಳು ಯಾವ ಜೀನ್ ಕೆಟ್ಟು ಹುಟ್ಟುತ್ತವೆ ಅನ್ನುವುದರ ಮೇಲೆ ಪಿಎಚ್‌.ಡಿ. ಮಾಡಿ ಅದರಲ್ಲೇ ಮುಂದುವರಿಯುವ ಆಸೆ. ಅಜ್ಜಿಗೆ (ಅಪ್ಪನ ತಾಯಿ) ಸ್ತನ ಕ್ಯಾನ್ಸರ್ ಇತ್ತು, ಆಮೇಲೆ ಸೋದರತ್ತೆಗೂ ಬಂತು. ಆಸೆ ಹುಟ್ಟಿದ್ದು ಅಲ್ಲಿಂದ. ಮನೆಯಲ್ಲಿ ಬಿ.ಎಡ್. ಮಾಡಿ ಕೆಲಸಕ್ಕೆ ಸೇರು ಅನ್ನುತ್ತಿದ್ದಾರೆ. ಯಾವ ಸಂಸ್ಥೆ, ಯಾವ ಪರೀಕ್ಷೆ, ಎಷ್ಟು ವರ್ಷ, ಹೊಟ್ಟೆಪಾಡು ಹೇಗೆ?

ಬಾಯಿ ಕ್ಯಾನ್ಸರ್ ಲ್ಯಾಬಿನಲ್ಲಿರುವ ಸಂಶೋಧಕಿ, ಮುಂಬೈ (ಮೂಲ ಶಿರಸಿ ಕಡೆ)

ನೀವು ಯಾವ ಸಂಸ್ಥೆ ಅಂತ ಕೇಳಿದ್ದೀರಿ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಒಂದಿದೆ. ನೀವು ಸೇರಬೇಕೆಂದಿರುವ ಲ್ಯಾಬಿಗೆ ಗಡ್ಡೆಯ ಮಾದರಿ ಎಲ್ಲಿಂದ ಬರುತ್ತದೆ, ಯಾವ ಸರ್ಜನ್, ಯಾವ ಪ್ಯಾಥಾಲಜಿಸ್ಟ್ (ಅಂಗಾಂಶ ನೋಡಿ ರೋಗ ಗುರುತಿಸುವ ವೈದ್ಯರು) ಜೊತೆಗಿದ್ದಾರೆ? ಇದಕ್ಕೆ ಗೈಡ್ ಬಳಿ ನೇರ ಉತ್ತರ ಇಲ್ಲದಿದ್ದರೆ ಕಟ್ಟಡ ಎಷ್ಟು ದೊಡ್ಡದಿದ್ದರೂ ನಿಮ್ಮ ಮೊದಲ ಎರಡು ವರ್ಷ ಕಾಯುವುದರಲ್ಲೇ ಕಳೆಯುತ್ತದೆ.

ಮಾದರಿ ಅಂದರೆ ಏನೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಂ.ಎಸ್ಸಿ. ಪಠ್ಯದಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಆಪರೇಷನ್ ಥಿಯೇಟರಿನ ಹೊರಗೆ ದ್ರವ ಸಾರಜನಕದ ಕ್ಯಾನ್ ಹಿಡಿದುಕೊಂಡು ಒಬ್ಬ ವಿದ್ಯಾರ್ಥಿ ನಿಂತಿರುತ್ತಾನೆ. ಗಡ್ಡೆ ಹೊರಬಂದ ಮೇಲೆ ರೋಗನಿರ್ಣಯಕ್ಕೆ ಎಷ್ಟು ಬೇಕೋ ಅಷ್ಟನ್ನು ಪ್ಯಾಥಾಲಜಿಸ್ಟ್ ತೆಗೆದಿಟ್ಟುಕೊಳ್ಳುತ್ತಾರೆ. ಅದೇ ಮೊದಲ ಹಕ್ಕು, ನಮ್ಮದು ಉಳಿದದ್ದರಲ್ಲಿ. ಆ ಚೂರು ಬೇಗ ತಣ್ಣಗಾಗದಿದ್ದರೆ ಆರ್‌ಎನ್‌ಎ ಹಾಳು. ಜೊತೆಗೆ ಅದೇ ರೋಗಿಯ ಒಂದು ಟ್ಯೂಬ್ ರಕ್ತ ಬೇಕೇ ಬೇಕು. ರಕ್ತದ ಡಿಎನ್‌ಎ ಜೊತೆ ಹೋಲಿಸಿದಾಗಲೇ ಒಂದು ಮ್ಯುಟೇಶನ್, ಅಂದರೆ ಡಿಎನ್‌ಎಯಲ್ಲಿನ ಬದಲಾವಣೆ, ಹುಟ್ಟಿನಿಂದ ಬಂದದ್ದೋ ಗಡ್ಡೆಯಲ್ಲಿ ಮಾತ್ರ ಆದದ್ದೋ ಗೊತ್ತಾಗುವುದು. ಇನ್ನು ಆ ಚೂರಿನಲ್ಲಿ ಇರುವುದೆಲ್ಲ ಕ್ಯಾನ್ಸರ್ ಕೋಶವೂ ಅಲ್ಲ. ರಕ್ತನಾಳ, ರೋಗನಿರೋಧಕ ಕೋಶ, ಮಾಂಸಖಂಡ ಎಲ್ಲ ಬೆರೆತಿರುತ್ತವೆ. ಸ್ಲೈಡ್ ನೋಡಿ "ಇದರಲ್ಲಿ ಗಡ್ಡೆಯ ಭಾಗ ಇಷ್ಟು" ಅಂತ ಹೇಳುವವರು ಇಲ್ಲದೆ, ಡಿಎನ್‌ಎ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್‌ಗೆ ಸುರಿದ ದುಡ್ಡು ವ್ಯರ್ಥ.

ದೊಡ್ಡ ಯಂತ್ರ ಇದ್ದರೆ ಮಾತ್ರ ದೊಡ್ಡ ಕೆಲಸ ಅಂತ ಯಾರಾದರೂ ಹೇಳಿದರೆ ಅಮೆರಿಕದ ವೈದ್ಯ, ಜೀನ್ ವಿಜ್ಞಾನಿ ಆಲ್ಫ್ರೆಡ್ ನುಡ್ಸನ್ ಅವರನ್ನು ನೆನಪಿಸಿಕೊಳ್ಳಿ. ಮಕ್ಕಳ ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾದ 48 ಪ್ರಕರಣಗಳನ್ನು ಅವರು ನೋಡಿದರು. ಎರಡೂ ಕಣ್ಣಿಗೆ ಬಂದ ಮಕ್ಕಳಿಗೆ ಎಷ್ಟು ವಯಸ್ಸು, ಒಂದೇ ಕಣ್ಣಿಗೆ ಬಂದವರಿಗೆ ಎಷ್ಟು, ಇಷ್ಟನ್ನೇ ಲೆಕ್ಕ ಹಾಕಿ 1971ರಲ್ಲಿ ಹೇಳಿದ್ದು: ಗಡ್ಡೆಯಾಗಲು ಎರಡು ಪೆಟ್ಟು, ಅಂದರೆ ಎರಡು ಮ್ಯುಟೇಶನ್ ಬೇಕು, ವಂಶದಲ್ಲಿ ರೋಗವಿರುವ ಮಗು ಮೊದಲ ಪೆಟ್ಟನ್ನು ಹುಟ್ಟುವಾಗಲೇ ಪಡೆದು ಬಂದಿರುತ್ತದೆ. ಆ ಪೆಟ್ಟು ಬೀಳುವ ಜೀನ್, ಆರ್‌ಬಿ1, ಕೈಗೆ ಸಿಕ್ಕಿದ್ದು 1986ರಲ್ಲಿ. ಅವರ ಬಳಿ ಇದ್ದದ್ದು ಆಸ್ಪತ್ರೆಯ ದಾಖಲೆ, ಕುಟುಂಬಗಳ ವಿವರ ಮತ್ತು ಸರಿಯಾದ ಪ್ರಶ್ನೆ.

ನಮ್ಮಲ್ಲೂ ಉದಾಹರಣೆಯಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಒಕ್ಕೂಟದಲ್ಲಿ ಭಾರತ ಆರಿಸಿಕೊಂಡದ್ದು ಒಸಡು ಮತ್ತು ಕೆನ್ನೆಯ ಒಳಭಾಗದ ಕ್ಯಾನ್ಸರನ್ನು, ಅಂದರೆ ತಂಬಾಕು ಜಗಿಯುವವರ ರೋಗವನ್ನು. ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿರುವ ಜೀನೋಮ್ ಸಂಶೋಧನಾ ಸಂಸ್ಥೆ ಎನ್‌ಐಬಿಎಂಜಿ ಮತ್ತು ನವಿ ಮುಂಬೈನ ಆಕ್ಟ್ರೆಕ್ (ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ) ಸೇರಿ ಮಾಡಿದ ಕೆಲಸ 2013ರಲ್ಲಿ ಪ್ರಕಟವಾಯಿತು. 50 ರೋಗಿಗಳ ಗಡ್ಡೆ ಮತ್ತು ರಕ್ತ ಸೀಕ್ವೆನ್ಸ್ ಮಾಡಿ, ಕಂಡದ್ದನ್ನು ಇನ್ನೂ 60 ಜನರಲ್ಲಿ ಪರೀಕ್ಷಿಸಿದರು. ಟಿಪಿ53, ಎಫ್‌ಎಟಿ1, ಕ್ಯಾಸ್‌ಪೇಸ್ 8ರಂಥ ಮೊದಲೇ ಗೊತ್ತಿದ್ದ ಜೀನ್‌ಗಳ ಜೊತೆಗೆ ಯುಎಸ್‌ಪಿ9ಎಕ್ಸ್, ಎಂಎಲ್‌ಎಲ್4, ಎಆರ್‌ಐಡಿ2 ಮುಂತಾದ ಹೊಸವೂ ಸಿಕ್ಕವು. ಅಮೆರಿಕದವರಿಗೆ ಇಷ್ಟೊಂದು ಕೆನ್ನೆ ಕ್ಯಾನ್ಸರ್ ರೋಗಿಗಳು ಸಿಗುವುದಿಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕುವ ಹೊಣೆ ನಮ್ಮದೇ.

ಒಂದು ಮಾತು ಸೇರಿಸುತ್ತೇನೆ. ನಮ್ಮದು ಅಡಿಕೆ ತೋಟದ ಮನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಐಎಆರ್‌ಸಿ, 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದು ಗುರುತಿಸಿತು, ತಂಬಾಕು ಸೇರದಿದ್ದರೂ. ಇದನ್ನು ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಪ್ಪನ ಎದುರು ಕೂತು ಹೇಳುವುದೂ ಈ ವೃತ್ತಿಯ ಭಾಗವೇ. ನಾನು ಹೇಳುತ್ತೇನೆ. ಅವರು ಸಿಟ್ಟಾಗುತ್ತಾರೆ, ಆದರೂ ಕೇಳಿಸಿಕೊಳ್ಳುತ್ತಾರೆ.

ಜೀನೋಮ್ ದತ್ತಾಂಶ ವಿಶ್ಲೇಷಕ, ಬೆಂಗಳೂರು

ಮೇಡಂ ಹೇಳಿದ್ದು ಒಪ್ಪುತ್ತೇನೆ, ಆದರೆ ಮಾದರಿ ಸಿಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆ ಟಿಸಿಜಿಎ 2006ರಲ್ಲಿ ಶುರುವಾಗಿ 33 ಬಗೆಯ ಕ್ಯಾನ್ಸರಿನ 11,000ಕ್ಕೂ ಹೆಚ್ಚು ರೋಗಿಗಳ ದತ್ತಾಂಶ ಕಲೆಹಾಕಿತು. ಅದರ ಬಹುಪಾಲು ಉಚಿತ. ಇವತ್ತು ರಾತ್ರಿಯೇ ಆ ದತ್ತಾಂಶ ತೋರಿಸುವ ಸಿಬಯೋಪೋರ್ಟಲ್ ಜಾಲತಾಣ ತೆರೆದು ಸ್ತನ ಕ್ಯಾನ್ಸರ್ ಆರಿಸಿ, ಟಿಪಿ53 ಹಾಕಿ ನೋಡಿ. ಯಾವ ಜಾಗದಲ್ಲಿ ಎಷ್ಟು ಮ್ಯುಟೇಶನ್ ಅಂತ ಚಿತ್ರವೇ ಬರುತ್ತದೆ. ಆಮೇಲೆ ಆರ್ (R) ಅಥವಾ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ, ಯಾವುದಾದರೂ ಒಂದು, ಗಟ್ಟಿಯಾಗಿ. ಸಂಖ್ಯಾಶಾಸ್ತ್ರ ಬಿಡಬೇಡಿ. ನಮ್ಮಲ್ಲಿ ಸಂದರ್ಶನಕ್ಕೆ ಬರುವ ಬಹಳ ಜನ ಸಾಫ್ಟ್‌ವೇರ್ ಓಡಿಸುತ್ತಾರೆ, ಬಂದ ಪಿ-ವ್ಯಾಲ್ಯೂಗೆ ಅರ್ಥವೇನು ಅಂದರೆ ಸುಮ್ಮನಾಗುತ್ತಾರೆ.

ಒಂದು ಎಚ್ಚರಿಕೆ: ಆ ದತ್ತಾಂಶದಲ್ಲಿರುವವರಲ್ಲಿ ಹೆಚ್ಚಿನವರು ಯುರೋಪಿಯನ್ ಮೂಲದವರು. ನಮ್ಮ ಜನರ ಜೀನ್ ಪರೀಕ್ಷೆಯಲ್ಲಿ "ಮಹತ್ವ ತಿಳಿಯದ ಬದಲಾವಣೆ" ಎಂಬ ವರದಿ ಮತ್ತೆ ಮತ್ತೆ ಬರುವುದಕ್ಕೆ ಇದೂ ಕಾರಣ. ವರದಿ ಹಿಡಿದು ಕೂತ ಹೆಣ್ಣುಮಗಳಿಗೆ ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಇಲ್ಲಿ ಮಾಡುವ ಕೆಲಸ ಬೇಕಾದಷ್ಟಿದೆ.

ಪ್ಯಾಥಾಲಜಿ ಪ್ರಾಧ್ಯಾಪಕರು, ಉತ್ತರ ಕರ್ನಾಟಕದ ವೈದ್ಯಕೀಯ ಕಾಲೇಜು

ನೋಡವ್ವ, ಎರಡು ಮಾತು ಬೇರೆ ಬೇರೆ ಮಾಡಿ ಹೇಳತೇನಿ.

ಒಂದು, ನಿನ್ನ ಮನೆ ವಿಚಾರ. ಅಪ್ಪನ ಕಡೆಯಿಂದ ಸ್ತನ ಕ್ಯಾನ್ಸರ್ ಬರೋದಿಲ್ಲ ಅಂತ ಡಾಕ್ಟರಲ್ಲದವರು ಬಹಳ ಮಂದಿ ನಂಬಿದಾರ. ಅದು ತಪ್ಪು. ಕೆಟ್ಟರ ಸ್ತನ ಕ್ಯಾನ್ಸರಿನ ಸಂಭವ ಹೆಚ್ಚು ಮಾಡೋ ಎರಡು ಜೀನ್ ಅದಾವ, ಎರಡೂ ಗಂಡು-ಹೆಣ್ಣು ಇಬ್ಬರೊಳಗೂ ಇರೋ ಕ್ರೋಮೋಸೋಮಿನ ಮ್ಯಾಲೆ: ಬಿಆರ್‌ಸಿಎ1 ಇರೋದು 17ನೇ ಕ್ರೋಮೋಸೋಮಿನಾಗ, ಬಿಆರ್‌ಸಿಎ2 ಇರೋದು 13ರಾಗ. ಅಪ್ಪಗ ದೋಷ ಇದ್ದರ ಮಗಳಿಗಾಗಲಿ ಮಗನಿಗಾಗಲಿ ದಾಟೋ ಸಂಭವ ಅರ್ಧಕ್ಕರ್ಧ. ಹಂಗಂತ ಹೆದರಬ್ಯಾಡ, ಒಟ್ಟು ಕ್ಯಾನ್ಸರಿನೊಳಗ ಹಿಂಗ ವಂಶದಿಂದ ಬರೋದು ಸುಮಾರು ಶೇ. 5ರಿಂದ 10 ಅಷ್ಟ. ಆದರ ಇಬ್ಬರು ಹತ್ತಿರದವರಿಗೆ ಬಂದದ ಅಂದಮ್ಯಾಲೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಬೇಕು. ಮೊದಲು ಪರೀಕ್ಷೆ ಆಗಬೇಕಾದದ್ದು ರೋಗ ಬಂದವರಿಗೆ, ನಿಮ್ಮ ಸೋದರತ್ತಿ ಇದ್ದರ ಅವರಿಗೆ. ಸಂಶೋಧನಾ ಲ್ಯಾಬ್ ಸೇರಿ ಮನೆಯವರ ರಕ್ತ ನಾನೇ ನೋಡತೇನಿ ಅನ್ನೋ ವಿಚಾರ ಬ್ಯಾಡ. ಅಲ್ಲಿಯ ಫಲಿತಾಂಶದ ಮ್ಯಾಲೆ ಚಿಕಿತ್ಸೆ ನಿರ್ಧಾರ ಮಾಡಂಗಿಲ್ಲ.

ಇನ್ನೊಂದು, ಕೆಲಸದ ವಿಚಾರ. ನಮ್ಮಂಥ ಕಾಲೇಜಿನ ಪ್ಯಾಥಾಲಜಿ ವಿಭಾಗದಾಗ ಗಡ್ಡೆ ಚೂರು ಹುದುಗಿಸಿಟ್ಟ ಮೇಣದ ಬ್ಲಾಕ್‌ಗಳು ವರ್ಷಗಟ್ಟಲೆದ್ದು ಇರತಾವ, ಪ್ರತಿ ಬ್ಲಾಕಿಗೆ ಒಂದು ನಂಬರು, ಒಂದು ರಿಪೋರ್ಟು. ಚೂರು ಕೆಡದಂಗ ಹಾಕೋ ಫಾರ್ಮಲಿನ್ ಡಿಎನ್‌ಎಯನ್ನ ತುಂಡು ಮಾಡತದ, ಡಿಎನ್‌ಎ ಅಕ್ಷರ ಸಿ ಇದ್ದಲ್ಲಿ ಟಿ ಇದ್ದಂಗ ಸುಳ್ಳು ಮ್ಯುಟೇಶನ್ನೂ ತೋರಸ್ತದ. ಅದನ್ನ ತಿಳಕೊಂಡು ದುಡಿದರ ಅದು ಬಂಗಾರ. ಆದರ ಯಾವ ಬ್ಲಾಕ್ ಮುಟ್ಟಬೇಕಾದರೂ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು. ಹೊಸ ಮಾದರಿ ತಗೋಬೇಕಾದರ ರೋಗಿಗೆ ಅವರ ಮಾತಿನಾಗ ಹೇಳಿ, ತಿಳದದ್ದು ಖಾತ್ರಿ ಆದಮ್ಯಾಲೆ ಸಹಿ. ನೀನು ಕನ್ನಡದಾಗ ಹೇಳಬಲ್ಲಿ, ಇದು ನಿನ್ನ ದೊಡ್ಡ ಬಲ. "ನನ್ನ ಮಕ್ಕಳಿಗೂ ಬರತೈತೇನ್ರಿ?" ಅಂತ ಕೇಳೇ ಕೇಳತಾರ. ಗೊತ್ತಿದ್ದಷ್ಟು ಹೇಳಿ, ಉಳಿದದ್ದಕ್ಕ ಡಾಕ್ಟರ ಹತ್ತಿರ ಕರಕೊಂಡು ಹೋಗಬೇಕು.

ಪೋಸ್ಟ್‌ಡಾಕ್, ಅಮೆರಿಕ (ಪಿಎಚ್‌.ಡಿ. ನಂತರದ ಸಂಶೋಧಕ, ಮೈಸೂರಿನವನು)

ಹೊಟ್ಟೆಪಾಡಿನ ಪ್ರಶ್ನೆಗೆ ಯಾರೂ ಬಂದಿಲ್ಲ, ಹಾಗಾಗಿ ಅದನ್ನೇ ಹೇಳುತ್ತೇನೆ. ಸಿಎಸ್‌ಐಆರ್ ನೆಟ್, ಐಸಿಎಂಆರ್, ಡಿಬಿಟಿ ಈ ಸರ್ಕಾರಿ ಸಂಸ್ಥೆಗಳ ಪರೀಕ್ಷೆಗಳ ಪೈಕಿ ಯಾವುದರಲ್ಲಾದರೂ ಕಿರಿಯ ಸಂಶೋಧಕರ ಫೆಲೋಶಿಪ್ ಜೆಆರ್‌ಎಫ್ ಪಡೆದರೆ ನಿಮ್ಮ ಫೆಲೋಶಿಪ್ ನಿಮ್ಮ ಕೈಯಲ್ಲಿರುತ್ತದೆ. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000, ಮನೆ ಬಾಡಿಗೆ ಭತ್ಯೆ ಬೇರೆ. ಕೆಲವೊಮ್ಮೆ ದುಡ್ಡು ತಿಂಗಳುಗಟ್ಟಲೆ ತಡವಾಗುತ್ತದೆ, ಸ್ವಲ್ಪ ಕೂಡಿಟ್ಟುಕೊಳ್ಳಿ. ಪಿಎಚ್‌.ಡಿ.ಗೆ ಐದಾರು ವರ್ಷ, ಮೇಲೆ ಪೋಸ್ಟ್‌ಡಾಕ್. ಸ್ವಂತ ಲ್ಯಾಬ್ ಸಿಗುವ ಹೊತ್ತಿಗೆ ಮೂವತ್ತೈದು ದಾಟಿರುತ್ತದೆ, ಎಲ್ಲರಿಗೂ ಸಿಗುವುದೂ ಇಲ್ಲ. ಹೊರಗೆ ಬಂದವರಿಗೆ ಮರಳಲು ರಾಮಲಿಂಗಸ್ವಾಮಿ ಫೆಲೋಶಿಪ್, ಇಂಡಿಯಾ ಅಲಯನ್ಸ್ ಇವೆ. ಬೆಂಗಳೂರಿನಲ್ಲಿ ಜೀನ್ ಪರೀಕ್ಷೆ ಮಾಡುವ ಕಂಪನಿಗಳಿವೆ, ಅಲ್ಲಿಯ ಕೆಲಸವನ್ನು ಕೀಳಾಗಿ ನೋಡಬೇಡಿ.

ಮನೆಯವರು ಮದುವೆ ಮಾತು ತೆಗೆದಾಗ ಹೇಳಲು ಒಂದು ಕಥೆ. ಶಿಕಾಗೋದ ಕ್ರೋಮೋಸೋಮ್ ಸಂಶೋಧಕಿ ಜಾನೆಟ್ ರೌಲಿ ನಾಲ್ಕು ಗಂಡುಮಕ್ಕಳನ್ನು ಬೆಳೆಸುತ್ತ ವರ್ಷಗಟ್ಟಲೆ ಅರೆಕಾಲಿಕವಾಗಿ ದುಡಿದವರು. ಕ್ರೋಮೋಸೋಮ್ ಫೋಟೋಗಳನ್ನು ಮನೆಯ ಊಟದ ಮೇಜಿನ ಮೇಲೆ ಹರಡಿ ಕತ್ತರಿಸಿ ಜೋಡಿಸುತ್ತಿದ್ದರು. ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ 22ನೇ ಕ್ರೋಮೋಸೋಮಿನ ತುಂಡು ಕಳೆದುಹೋಗಿಲ್ಲ, 9ಕ್ಕೆ ಹೋಗಿ ಅಂಟಿದೆ ಎಂದು 1973ರಲ್ಲಿ ತೋರಿಸಿದರು. ಆ ಜೋಡಣೆಯಿಂದ ಹುಟ್ಟುವ ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2001ರಲ್ಲಿ. ನಡುವೆ 28 ವರ್ಷ. ಈ ಕ್ಷೇತ್ರದ ಕಾಲಮಾನ ಹೀಗೆ.

ಜೀವಕೋಶ ಬೆಳೆಸುವ ಲ್ಯಾಬ್ ಸೇರಿದರೆ ಎರಡು ವಿಷಯ ವಿಚಾರಿಸಿ. ಕೋಶಗಳಿಗೆ ಕಾಣದಂತೆ ಅಂಟುವ ಬ್ಯಾಕ್ಟೀರಿಯ ಮೈಕೋಪ್ಲಾಸ್ಮಾದ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಮಾಡುತ್ತಾರೆ? ಕೋಶಗಳ ಗುರುತನ್ನು ಡಿಎನ್‌ಎ ಮೂಲಕ ಖಚಿತಪಡಿಸಿದ್ದಾರೆಯೆ? ಎಂಡಿಎ-ಎಂಬಿ-435 ಎಂಬ ಕೋಶವನ್ನು ಸ್ತನ ಕ್ಯಾನ್ಸರಿನದೆಂದು ವರ್ಷಾನುಗಟ್ಟಲೆ ಬಳಸಿದರು, ಲೇಖನಗಳ ಮೇಲೆ ಲೇಖನ ಬಂದವು. ಕೊನೆಗೆ ನೋಡಿದರೆ ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಕೋಶ. ಪ್ರಶ್ನೆ ಕೇಳಿದ್ದಕ್ಕೆ ಗೈಡ್ ಸಿಡುಕಿದರೆ ಆ ಲ್ಯಾಬ್ ಬೇಡ.

ಮತ್ತೆ ಮುಂಬೈ ಸಂಶೋಧಕಿ

ಬಿ.ಎಡ್. ಬಗ್ಗೆ ಹೇಳುವುದು ಮರೆತೆ. ಮನೆಯವರ ಜೊತೆ ಜಗಳ ಬೇಡ, ಒಂದು ವರ್ಷದ ಸಮಯ ಕೇಳಿ. ಎಂ.ಎಸ್ಸಿ. ಮುಗಿದ ಕೂಡಲೇ ಯಾವುದಾದರೂ ಕ್ಯಾನ್ಸರ್ ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿ, ಜೊತೆಗೆ ನೆಟ್ ಬರೆಯಿರಿ. ಸಂಬಳ ಕಡಿಮೆಯಾದರೂ ಸಂಬಳವೇ, ಮನೆಗೆ ಅದೂ ಒಂದು ಸಮಾಧಾನ. ಗೈಡ್‌ಗೆ ಬರೆಯುವ ಇಮೇಲ್ ನಾಲ್ಕು ಸಾಲಿರಲಿ: ಅವರ ಇತ್ತೀಚಿನ ಒಂದು ಲೇಖನ ಓದಿ ಅದರಲ್ಲಿ ನಿಮಗೆ ಅರ್ಥವಾಗದ ಒಂದು ಜಾಗವನ್ನು ಕೇಳಿ. ಐವತ್ತು ಜನರಿಗೆ ಒಂದೇ ಇಮೇಲ್ ಕಳಿಸಬೇಡಿ, ನೋಡಿದ ತಕ್ಷಣ ಗೊತ್ತಾಗುತ್ತದೆ. ಸೇರುವ ಮೊದಲು ಆ ಲ್ಯಾಬಿನಲ್ಲಿ ಪಿಎಚ್‌.ಡಿ. ಮುಗಿಸಿ ಹೋದ ಇಬ್ಬರ ಜೊತೆ ಫೋನಿನಲ್ಲಿ ಮಾತಾಡಿ, ಈಗ ಇರುವವರ ಜೊತೆಗಲ್ಲ. ಬರೆದ ಇಮೇಲನ್ನು ಇಲ್ಲಿ ಹಾಕಿದರೆ ನಾವು ಯಾರಾದರೂ ನೋಡಿ ತಿದ್ದಿಕೊಡುತ್ತೇವೆ.