ಕಾಂತಕ್ಷೇತ್ರ ಕುಗ್ಗಿದರೆ ನೆಲದ ಮೇಲೆ ವಿಕಿರಣ ಎಷ್ಟು ಏರುತ್ತದೆ?

ನಕ್ಷತ್ರಪಥ: ಬಾಹ್ಯಾಕಾಶದ ವಿಕಿರಣವನ್ನು ತಡೆಯುವುದು ಭೂಮಿಯ ಕಾಂತಕ್ಷೇತ್ರ ಎಂದೇ ಹೆಚ್ಚಿನ ಕಡೆ ಬರೆದಿರುತ್ತದೆ. ಹಾಗಾದರೆ ಕಾಂತಧ್ರುವಗಳು ಅದಲುಬದಲಾಗುವ ಕಾಲದಲ್ಲಿ, ಕ್ಷೇತ್ರ ದುರ್ಬಲವಾದಾಗ, ನೆಲದ ಮೇಲಿನ ಜೀವಿಗಳ ಗತಿ ಏನು? ಇದರಲ್ಲಿ ವಾತಾವರಣದ ಪಾಲೆಷ್ಟು?

ಕಣವಿಹಾರಿ: ಮೊದಲು ಯಾವ ವಿಕಿರಣ ಎಂದು ಕೇಳಬೇಕು. ಎಕ್ಸ್-ಕಿರಣ, ಗಾಮಾ, ನೇರಳಾತೀತ ಇವಕ್ಕೆ ವಿದ್ಯುದಾವೇಶವಿಲ್ಲ. ಕಾಂತಕ್ಷೇತ್ರ ಅವನ್ನು ಒಂದಿಷ್ಟೂ ಬಾಗಿಸಲಾರದು, ಅವನ್ನು ತಡೆಯುವುದು ಗಾಳಿಯೇ. ನೇರಳಾತೀತದ ಅತಿ ಅಪಾಯಕಾರಿ ಭಾಗವನ್ನು ಆಮ್ಲಜನಕ ಮತ್ತು ಓಝೋನ್ ಹೀರುತ್ತವೆ. ಆ ಓಝೋನ್ ಅಷ್ಟನ್ನೂ ನೆಲಮಟ್ಟದ ಒತ್ತಡಕ್ಕೆ ತಂದರೆ ಪದರದ ದಪ್ಪ ಸುಮಾರು 3 ಮಿಲಿಮೀಟರ್ ಮಾತ್ರ!

ಕಾಂತಕ್ಷೇತ್ರದ ಆಟ ನಡೆಯುವುದು ಆವೇಶವಿರುವ ಕಣಗಳ ಮೇಲೆ. ಸೌರಮಾರುತವನ್ನು (ಸೂರ್ಯನಿಂದ ಸದಾ ಹೊರಹರಿಯುವ, ಹೆಚ್ಚಾಗಿ ಪ್ರೋಟಾನು ಮತ್ತು ಎಲೆಕ್ಟ್ರಾನುಗಳ ಹೊಳೆ) ಅದು ಸೂರ್ಯನ ಕಡೆ ಸುಮಾರು 60,000 ಕಿ.ಮೀ. ದೂರದಲ್ಲೇ ಪಕ್ಕಕ್ಕೆ ಸರಿಸುತ್ತದೆ. ಆದರೆ ಆ ಪ್ರೋಟಾನುಗಳ ಶಕ್ತಿ ತೀರಾ ಕಡಿಮೆ. ಕ್ಷೇತ್ರವಿಲ್ಲದಿದ್ದರೂ ಅವು ಮೇಲಿನ ಗಾಳಿಯಲ್ಲೇ ನಿಲ್ಲುತ್ತವೆ, ನೆಲ ಮುಟ್ಟುವುದಿಲ್ಲ.

ಮ್ಯೂಆನ್_ಎಣಿಕೆ: ಇನ್ನುಳಿದದ್ದು ಗ್ಯಾಲಕ್ಸಿಯ ವಿಶ್ವಕಿರಣಗಳು, ಅಂದರೆ ಸೌರಮಂಡಲದ ಆಚೆಯಿಂದ ಬರುವ ಅತಿವೇಗದ ಕಣಗಳು, ಹೆಚ್ಚಿನಂಶ ಪ್ರೋಟಾನುಗಳು. ಸಮಭಾಜಕದ ಬಳಿ ನೇರ ಮೇಲಿನಿಂದ ಒಳನುಗ್ಗಲು ಪ್ರೋಟಾನಿಗೆ ಸುಮಾರು 15 ಗಿಗಾಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು (ಇದು ಕಣಗಳ ಶಕ್ತಿಯನ್ನು ಅಳೆಯುವ ಮಾನ). ಕಾಂತಧ್ರುವಗಳ ಬಳಿ ಈ ತಡೆ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ: ಧ್ರುವಪ್ರದೇಶಗಳು ಈಗಲೂ ಹೆಚ್ಚುಕಡಿಮೆ ಕಾಂತರಕ್ಷಣೆ ಇಲ್ಲದೆಯೇ ಇವೆ, ಆದರೂ ಸಮುದ್ರಮಟ್ಟದಲ್ಲಿ ಅಲ್ಲಿನ ವಿಕಿರಣ ತುಸು ಮಾತ್ರ ಹೆಚ್ಚು.

ಕಾರಣ ಗಾಳಿಯ ತೂಕ. ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 1 ಕಿಲೋ ಗಾಳಿಯಿದೆ, ಅಂದರೆ 10 ಮೀಟರ್ ನೀರಿಗೆ ಸಮ. ವಿಶ್ವಕಿರಣ ಸಾರಜನಕ ಅಥವಾ ಆಮ್ಲಜನಕದ ನ್ಯೂಕ್ಲಿಯಸ್ಸಿಗೆ ಬಡಿದಾಗ ಹೊಸ ಕಣಗಳ ಸುರಿಮಳೆಯೇ ಹುಟ್ಟುತ್ತದೆ. ಹೀಗಾಗಿ ಕಣಗಳ ಸಂಖ್ಯೆ ಮೊದಲು ಏರಿ, ಸುಮಾರು 20 ಕಿ.ಮೀ. ಎತ್ತರದಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ನೆಲಕ್ಕೆ ಬರುವುದು ಬಹುತೇಕ ಮ್ಯೂಆನುಗಳು (ಆ ಸುರಿಮಳೆಯಲ್ಲಿ ಹುಟ್ಟುವ, ಎಲೆಕ್ಟ್ರಾನಿನಂಥದೇ ಆದರೆ ಹೆಚ್ಚು ತೂಕದ ಕಣಗಳು): ನಿಮಿಷಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು.

ನಕ್ಷತ್ರಪಥ: ಹಾಗಿದ್ದರೆ ಕಾಂತಕ್ಷೇತ್ರದಿಂದ ನಮಗೆ ಉಪಯೋಗವೇ ಇಲ್ಲವೇ?

ಕಣವಿಹಾರಿ: ಖಂಡಿತ ಇದೆ, ಎತ್ತರ ಏರಿದಷ್ಟೂ ಹೆಚ್ಚು. ವಿಮಾನಗಳ ಮೇಲೆ ಉಳಿಯುವ ಗಾಳಿ ಕಾಲುಭಾಗದಷ್ಟೇ, ಆದ್ದರಿಂದ ಧ್ರುವಮಾರ್ಗದಲ್ಲಿ ಡೋಸ್ (ಮೈಗೆ ತಗಲುವ ವಿಕಿರಣದ ಪ್ರಮಾಣ) ಎದ್ದುಕಾಣುವಷ್ಟು ಏರುತ್ತದೆ. ದಕ್ಷಿಣ ಅಟ್ಲಾಂಟಿಕ್ ಮೇಲೆ ಕ್ಷೇತ್ರ ದುರ್ಬಲವಾಗಿರುವುದರಿಂದ ವ್ಯಾನ್ ಆಲೆನ್ ಒಳಪಟ್ಟಿ (ಕಾಂತಕ್ಷೇತ್ರ ಸೆರೆಹಿಡಿದ ಕಣಗಳು ಭೂಮಿಯ ಸುತ್ತ ತುಂಬಿರುವ ವಲಯ) ಕೆಳಗಿಳಿದಿದೆ. ಹಬಲ್ ದೂರದರ್ಶಕ ಅಲ್ಲಿ ಹಾಯುವಾಗ ವೀಕ್ಷಣೆ ನಿಲ್ಲಿಸಬೇಕಾಗುತ್ತದೆ.

ಗಾಳಿ, ಕ್ಷೇತ್ರ ಎರಡೂ ಸಾಲದಿದ್ದರೆ ಏನಾಗುತ್ತದೆ ಎನ್ನಲು ಮಂಗಳ ಸಾಕು. ನಾಸಾದ ಕ್ಯೂರಿಯಾಸಿಟಿ ರೋವರ್ ಅಲ್ಲಿನ ನೆಲದಲ್ಲಿ ಅಳೆದದ್ದು ದಿನಕ್ಕೆ ಸುಮಾರು 0.67 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ). ಇಲ್ಲಿ ಸಮುದ್ರಮಟ್ಟದಲ್ಲಿ ವಿಶ್ವಕಿರಣದಿಂದ ಸಿಗುವುದು ಇಡೀ ವರ್ಷಕ್ಕೆ ಸುಮಾರು 0.3.

ಮ್ಯೂಆನ್_ಎಣಿಕೆ: ಕ್ಷೇತ್ರ ಕುಗ್ಗಿದಾಗ ನನಗೆ ಹೆಚ್ಚು ಚಿಂತೆಯಾಗುವುದು ಓಝೋನಿನದು. ಸೂರ್ಯನ ದೊಡ್ಡ ಸ್ಫೋಟಗಳ ಪ್ರೋಟಾನುಗಳು ಮೇಲಿನ ಗಾಳಿಯಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನು ಹುಟ್ಟಿಸುತ್ತವೆ, ಅವು ಓಝೋನನ್ನು ಒಡೆಯುತ್ತವೆ. ಈಗ ಇದು ಧ್ರುವಗಳ ಸುತ್ತಲಷ್ಟೇ ನಡೆಯುತ್ತದೆ. ಕ್ಷೇತ್ರ ದುರ್ಬಲವಾದರೆ ಸಮಭಾಜಕದ ಕಡೆಗೂ ಹರಡೀತು. ಸುಮಾರು 41,000 ವರ್ಷಗಳ ಹಿಂದೆ, ಕಾಂತಧ್ರುವಗಳು ಸ್ವಲ್ಪ ಕಾಲ ಅದಲುಬದಲಾದ ಲಾಶಾಂಪ್ ಘಟ್ಟದಲ್ಲಿ, ಕ್ಷೇತ್ರ ಇಂದಿನದರ ಸಣ್ಣ ಅಂಶಕ್ಕೆ ಇಳಿದಿತ್ತು. ವಿಶ್ವಕಿರಣಗಳಿಂದ ಹುಟ್ಟುವ ಬೆರಿಲಿಯಂ-10 (ಬೆರಿಲಿಯಂನ ವಿಕಿರಣಶೀಲ ರೂಪ) ಆ ಕಾಲದ ಹಿಮಪದರಗಳಲ್ಲಿ ಹೆಚ್ಚಾಗಿ ಸಿಗುವುದೇ ಅದರ ಗುರುತು.