ಸಹಾಯ ಬೇಕು: ಕತ್ತಿಗೆ ಪೆಟ್ಟಾಗಿರುವ ಶಂಕೆಯಿದ್ದಾಗ ಇಂಟುಬೇಷನ್

ಗುಂಪಿನಲ್ಲಿರುವ ಹಿರಿಯ ಅರಿವಳಿಕೆ ತಜ್ಞರಲ್ಲಿ ವಿನಂತಿ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ವೈದ್ಯನಾಗಿದ್ದೇನೆ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಅಪಘಾತವಾಗಿ ಪ್ರಜ್ಞೆಯಿಲ್ಲದೆ ಬರುವವರಿಗೆ, ಕತ್ತಿನ ಮೂಳೆ ಮುರಿದಿದೆ ಎಂದೇ ಭಾವಿಸಿ ಉಸಿರುನಾಳಕ್ಕೆ ನಳಿಕೆ ಹಾಕಬೇಕಾಗುತ್ತದೆ (ಇದೇ ಇಂಟುಬೇಷನ್).

ಕತ್ತು ಅಲುಗದಂತೆ ಸುತ್ತುವ ಪಟ್ಟಿ (ಕಾಲರ್) ಬಿಗಿದಿದ್ದರೆ ಬಾಯಿ ಸಾಕಷ್ಟು ತೆರೆಯುವುದಿಲ್ಲವಾದ್ದರಿಂದ ಅದರ ಮುಂಭಾಗವನ್ನು ಬಿಚ್ಚಿ, ನರ್ಸ್ ಒಬ್ಬರು ಎರಡೂ ಕೈಗಳಿಂದ ತಲೆಯನ್ನು ಅಲುಗದಂತೆ ನೇರವಾಗಿ ಹಿಡಿದಿರುವಾಗ, ತಲೆಯನ್ನು ಹಿಂದಕ್ಕೆ ಬಾಗಿಸದೆ ದವಡೆಯನ್ನಷ್ಟೇ ಮುಂದಕ್ಕೆ ಎತ್ತಿ ಆಮ್ಲಜನಕ ಕೊಟ್ಟು, ಬಳಿಕ ಇಂಟುಬೇಷನ್‌ಗೆ ತೊಡಗುತ್ತೇವೆ. ತೊಡಕಿರುವುದು ಇಲ್ಲಿಯೇ: ತಲೆಯನ್ನು ಹೀಗೆ ಹಿಡಿದಾಗ ಧ್ವನಿತಂತುಗಳು ಸರಿಯಾಗಿ ಕಾಣದೆ, ಎಷ್ಟೋ ಸಲ ಉಸಿರುನಾಳದ ಬಾಯಿಯ ಮೇಲಿನ ಮುಚ್ಚಳದಂತಹ ಎಪಿಗ್ಲಾಟಿಸ್‌ನ ಅಂಚಷ್ಟೇ ಕಾಣುತ್ತದೆ. ಗಂಟಲಿನ ಒಳಭಾಗವನ್ನು ಪರದೆಯ ಮೇಲೆ ತೋರಿಸುವ ವಿಡಿಯೊ ಲ್ಯಾರಿಂಗೋಸ್ಕೋಪ್ ನಮ್ಮಲ್ಲಿಲ್ಲ. ನಾಲಿಗೆಯನ್ನು ಸರಿಸಿ ಗಂಟಲು ನೋಡಲು ಬಳಸುವ ಬಾಗಿದ ಮೆಕಿಂಟಾಷ್ ಬ್ಲೇಡ್ ಮತ್ತು ನಳಿಕೆಗೆ ದಾರಿ ತೋರಿಸಲು ಮೊದಲು ತೂರಿಸುವ ತೆಳು ಕಡ್ಡಿಯಾದ ಬೂಜಿ ಮಾತ್ರ ಇವೆ.

ಬೂಜಿಯನ್ನು ಮೊದಲ ಪ್ರಯತ್ನದಲ್ಲೇ ಬಳಸುವುದು ಲೇಸೇ? ತಲೆಯ ಹಿಡಿತವನ್ನು ತುಸು ಸಡಿಲಿಸಲೇಬೇಕಾದ ಘಟ್ಟ ಯಾವುದು? ಆಮ್ಲಜನಕದ ಕೊರತೆಯು ಪೆಟ್ಟಾದ ಬೆನ್ನುಹುರಿಗೂ ಕೇಡು ಮಾಡುವುದರಿಂದ, ಕತ್ತಿನ ಭಯಕ್ಕೆ ನಳಿಕೆ ಹಾಕುವುದನ್ನು ತಡಮಾಡಬಾರದು ಎಂಬುದು ನನ್ನ ನಿಲುವು. ತಲೆ ಹಿಡಿಯುವ ಕ್ರಮವನ್ನು ನಮ್ಮ ನರ್ಸ್‌ಗಳಿಗೆ ಕಲಿಸಿಕೊಡಲು ತಮ್ಮಲ್ಲಿ ಯಾರಾದರೂ ಒಂದು ದಿನ ಬರುವುದಾದರೆ ದೊಡ್ಡ ಉಪಕಾರವಾಗುತ್ತದೆ.